ಅಕ್ಕ ಪಕ್ಕದಲ್ಲಿ ಕೂತ್ರೆ ಎದೆ ಬಡಿತ ಯಾಕೆ ಇಳಿಯತ್ತೆ?

ಪ್ರಶ್ನೆ: ನಂಗೆ 33 ವರ್ಷ, ಊರು ಹಾಸನದ ಕಡೆ, ಬೆಂಗಳೂರಲ್ಲಿ ಐಟಿ ಕೆಲಸ. ಎಂಟು ತಿಂಗಳಿಂದ ರಾತ್ರಿ ಹನ್ನೊಂದರ ಮೇಲೆ ಇದ್ದಕ್ಕಿದ್ದಂಗೆ ಎದೆ ಡವಡವ ಅನ್ನತ್ತೆ, ಕೈಕಾಲು ತಣ್ಣಗಾಗತ್ತೆ, ಏನೋ ಆಗ್ಬಿಡತ್ತೆ ಅನ್ನೋ ಭಯ. ಬ್ರೀಥಿಂಗ್ ಆ್ಯಪ್ ಹಾಕ್ಕೊಂಡು ಮಾಡಿದ್ರೂ ಅಷ್ಟಕ್ಕಷ್ಟೆ. ಆದ್ರೆ ಎರಡು ಬೀದಿ ಆಚೆ ಇರೋ ಅಕ್ಕ ಬಂದು ಪಕ್ಕದಲ್ಲಿ ಕೂತ್ರೆ ಹತ್ತೇ ನಿಮಿಷಕ್ಕೆ ಸರಿಹೋಗತ್ತೆ. ಅವಳು ಏನೂ ಮಾಡಲ್ಲ, ಬೆನ್ನು ಸವರ್ತಾ ಊರಿನ ವಿಷ್ಯ ಏನೋ ಮಾತಾಡ್ತಾಳೆ ಅಷ್ಟೆ. ಅಮ್ಮಂಗೆ ದಿನಾ ವಾಟ್ಸಾಪ್ ಮೆಸೇಜ್ ಮಾಡ್ತೀನಿ, ಅದ್ರಿಂದ ಏನೂ ಅನ್ಸಲ್ಲ. ಗಂಡ ಒಳ್ಳೆಯವ್ರೇ, ಆದ್ರೆ ಅವ್ರು ಬಾಯಿ ತೆಗೆದ್ರೆ ಇನ್ನೂ ಜಾಸ್ತಿ ಆಗತ್ತೆ. ಆಫೀಸ್ ಫ್ರೆಂಡ್ ಒಬ್ಬಳು "ನಿನ್ನನ್ನ ನೀನೇ ಸಮಾಧಾನ ಮಾಡ್ಕೊಳೋದು ಕಲೀಬೇಕು, ಅಕ್ಕನ ಮೇಲೆ ಡಿಪೆಂಡ್ ಆಗೋದು ವೀಕ್‌ನೆಸ್" ಅಂತಾಳೆ. ಹೌದಾ? ಇದ್ರ ಹಿಂದೆ ಸೈನ್ಸ್ ಇದ್ಯಾ, ಇಲ್ಲ ನನ್ನ ಮನಸ್ಸಿನ ಆಟಾನಾ?

ಉತ್ತರ: ಮೊದ್ಲು ಒಂದು ಬೋರಿಂಗ್ ವಿಷ್ಯ ಮುಗಿಸ್ಬಿಡ್ತೀನಿ. ನೀವು ಬರೆದಿರೋದ್ರಲ್ಲಿ ಥೈರಾಯ್ಡ್ ನೋಡ್ಸಿದೀನಿ, ಇಸಿಜಿ ಮಾಡ್ಸಿದೀನಿ ಅಂತ ಎಲ್ಲೂ ಇಲ್ಲ. ಎದೆ ಡವಡವ ಅನ್ನೋದು ಥೈರಾಯ್ಡ್ ಜಾಸ್ತಿ ಆದ್ರೂ ಬರತ್ತೆ, ರಕ್ತ ಕಡಿಮೆ ಇದ್ರೂ ಬರತ್ತೆ, ಸಂಜೆ ಆರರ ಮೇಲೆ ಎರಡು ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದ್ರೂ ಬರತ್ತೆ (ಹಾಸನದವ್ರು ಅಂದ್ಮೇಲೆ ಕಾಫಿ ಬಗ್ಗೆ ಕೇಳ್ಲೇಬೇಕಲ್ಲ). ಫ್ಯಾಮಿಲಿ ಡಾಕ್ಟರ್ ಹತ್ರ ಹೋಗಿ ಥೈರಾಯ್ಡ್, ಹಿಮೋಗ್ಲೋಬಿನ್, ಇಸಿಜಿ ಇಷ್ಟು ಮಾಡ್ಸಿ. ಅದೆಲ್ಲ ನಾರ್ಮಲ್ ಅಂತ ಇಟ್ಕೊಂಡು ಮುಂದಿನ ಮಾತು.

ಈಗ ನಿಮ್ಮ ಅಕ್ಕನ ವಿಷ್ಯ. ನಾನು ಕೌನ್ಸೆಲಿಂಗ್ ಮಾಡಕ್ಕೆ ಶುರು ಮಾಡಿ ಇಪ್ಪತ್ತು ವರ್ಷ ಆಯ್ತು, ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ತುಂಬಾ ಸಲ ಬಂದಿದೆ, ಬರೋವಾಗ ಎಲ್ರಿಗೂ ಒಂದು ನಾಚಿಕೆ ಇರತ್ತೆ, ಇಷ್ಟು ದೊಡ್ಡವಳಾಗಿ, ಇಷ್ಟು ಸಂಬಳ ತಗೊಂಡು, ಇನ್ನೂ ಒಬ್ರು ಪಕ್ಕದಲ್ಲಿ ಬೇಕಾ ಅಂತ. ನನ್ನ ಉತ್ತರ ಏನಂದ್ರೆ ನಿಮ್ಮ ಫ್ರೆಂಡ್ ಲೆಕ್ಕಾನೇ ಉಲ್ಟಾ ಹಿಡ್ಕೊಂಡಿದಾಳೆ. ಒಬ್ರೇ ಕೂತು ಶಾಂತ ಆಗೋದು ಮಾಮೂಲಿ, ಜನ ಬೇಕಾಗೋದು ಎಕ್ಸ್‌ಟ್ರಾ ಅಂತ ಅವಳ ಲೆಕ್ಕ. ದೇಹದ ಲೆಕ್ಕದಲ್ಲಿ ಜೊತೆಗೆ ಯಾರೋ ಇರೋದೇ ಮಾಮೂಲಿ, ಒಬ್ರೇ ನಿಭಾಯ್ಸೋದು ಎಕ್ಸ್‌ಟ್ರಾ ಖರ್ಚು.

ರಾತ್ರಿ ಹನ್ನೊಂದಕ್ಕೆ ಒಳಗಡೆ ಏನಾಗತ್ತೆ ನೋಡಿ. ಮೆದುಳಲ್ಲಿ ಅಪಾಯ ವಾಸನೆ ಹಿಡಿಯೋ ಭಾಗಗಳು ಇವೆ, ಅಮಿಗ್ಡಲಾ ಹೆಸರು ಕೇಳಿರ್ತೀರ. ಅದಕ್ಕೆ ಹುಲೀನೇ ಬರಬೇಕು ಅಂತಿಲ್ಲ, ನಾಳೆ ಬೆಳಿಗ್ಗೆ ಮ್ಯಾನೇಜರ್ ಜೊತೆ ಕಾಲ್ ಇದೆ ಅನ್ನೋದೂ ಸಾಕು, ಕೆಲವೊಮ್ಮೆ ಯಾಕೆ ಅಂತಾನೇ ಗೊತ್ತಾಗಲ್ಲ. ಸೆಕೆಂಡುಗಳಲ್ಲಿ ಅಡ್ರಿನಲಿನ್ ಬಿಡುಗಡೆ ಆಗತ್ತೆ, ಚರ್ಮದ ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗತ್ತೆ, ಅದಕ್ಕೇ ಕೈಕಾಲು ತಣ್ಣಗಾಗೋದು. ಹಿಂದೇನೇ ಮೆದುಳಿನ ಹೈಪೋಥಲಾಮಸ್, ಪಿಟ್ಯುಟರಿ, ಕಿಡ್ನಿ ಮೇಲಿರೋ ಅಡ್ರಿನಲ್ ಅಂತ ಒಂದು ಸರಪಳಿ ಎಳೆದು ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಬರತ್ತೆ. ಇದು ನಿಧಾನದ ಗಿರಾಕಿ, ರಕ್ತದಲ್ಲಿ ತುತ್ತತುದಿಗೆ ಹೋಗೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಂದ್ರೆ ಭಯ ಹೋದ್ರೂ ಮೈ ಅರ್ಧ ಗಂಟೆ ಕುದೀತಾನೇ ಇರತ್ತೆ, ಒಲೆ ಆರಿಸಿದ ಮೇಲೂ ಪಾತ್ರೆ ಬಿಸಿ ಇರತ್ತಲ್ಲ ಹಂಗೆ.

ಇದನ್ನ ಹಿಡಿಯೋ ಬ್ರೇಕ್ ಹೆಸರು ವೇಗಸ್ ನರ. ಮೆದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಹೊಟ್ಟೆ ತನಕ ಹೋಗತ್ತೆ. ಒಂದು ವಿಷ್ಯ ಹೇಳ್ತೀನಿ, ನಂಗೆ ಓದೋವಾಗ ಇದು ತುಂಬಾ ಆಶ್ಚರ್ಯ ಆಗಿತ್ತು: ಹೃದಯಾನ ಅದರ ಪಾಡಿಗೆ ಬಿಟ್ರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯತ್ತೆ. ಹೃದಯ ಕಸಿ ಮಾಡಿಸ್ಕೊಂಡೋರಲ್ಲಿ ಈ ನರದ ಕನೆಕ್ಷನ್ ಕಟ್ ಆಗಿರತ್ತೆ, ಅವ್ರ ನಾಡಿ ಸುಮ್ನೆ ಕೂತಾಗ್ಲೂ 90-100 ಇರತ್ತೆ. ನಮ್ಮದು 70 ಇದೆ ಅಂದ್ರೆ ವೇಗಸ್ ಇಡೀ ದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಕೂತಿದೆ ಅಂತ ಅರ್ಥ. ಗಾಬರಿ ಆದಾಗ ಮೊದಲು ಆಗೋದು ಆ ಕಾಲು ತೆಗೆಯೋದು. ಸಮಾಧಾನ ಅಂದ್ರೆ ಆ ಕಾಲು ವಾಪಸ್ ಬ್ರೇಕ್ ಮೇಲೆ ಬರೋದು. ನಿಮ್ಮ ಅಕ್ಕ ಬಂದು ಕೂತಾಗ ಆಗ್ತಿರೋದೂ ಇದೇ, ಮನಸ್ಸಿನ ಆಟ ಅಲ್ಲ. ಅಥವಾ ಮನಸ್ಸಿನ ಆಟಾನೇ ಅನ್ನಿ, ಆದ್ರೆ ಆಡ್ತಿರೋ ಮೈದಾನ ಹೃದಯ.

ಇದಕ್ಕೆ ಪ್ರೂಫ್ ಏನು ಅಂತ ಕೇಳಿದೀರಲ್ಲ. ಅಮೆರಿಕದಲ್ಲಿ ಜೇಮ್ಸ್ ಕೋನ್ ಮತ್ತೆ ಅವ್ರ ಜೊತೆಯವ್ರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ನಾನು ಕ್ಲೈಂಟ್‌ಗಳಿಗೆ ಪದೇ ಪದೇ ಹೇಳೋದು. 16 ಜನ ಮದುವೆ ಆಗಿರೋ ಹೆಂಗಸರನ್ನ ಎಂಆರ್‌ಐ ಮೆಷಿನ್ ಒಳಗೆ ಮಲಗಿಸಿ, ಕಣ್ಣೆದುರು ಸ್ಕ್ರೀನ್ ಮೇಲೆ ಒಂದು ಗುರುತು ತೋರ್ಸೋರು, ಈ ಗುರುತು ಬಂದ್ರೆ ನಿಮ್ಗೆ ಸಣ್ಣ ಕರೆಂಟ್ ಶಾಕ್ ಹೊಡೆಯೋ ಚಾನ್ಸ್ ಇದೆ ಅಂತ ಮೊದಲೇ ಹೇಳಿರೋರು. ಪ್ರತಿ ಸಲ ಹೊಡೆಯಲ್ಲ, ಐದರಲ್ಲಿ ಒಂದು ಸಲ. ಅಂದ್ರೆ ಶಾಕ್‌ಗಿಂತ ಕಾಯೋದೇ ಹಿಂಸೆ. ಒಂದು ರೌಂಡ್ ಒಬ್ರೇ, ಒಂದು ರೌಂಡ್ ಗುರುತು ಪರಿಚಯ ಇಲ್ಲದೋರ ಕೈ ಹಿಡ್ಕೊಂಡು, ಒಂದು ರೌಂಡ್ ಗಂಡನ ಕೈ ಹಿಡ್ಕೊಂಡು. ಒಬ್ರೇ ಇದ್ದಾಗ ಮೆದುಳಿನ ಭಯದ ಜಾಗಗಳು ಧಗಧಗ ಅಂದ್ವು. ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ಇಳೀತು, ಗಂಡನ ಕೈ ಹಿಡಿದಾಗ ಚೆನ್ನಾಗೇ ಇಳೀತು. ದಾಂಪತ್ಯ ಎಷ್ಟು ಚೆನ್ನಾಗಿದೆಯೋ ಅಷ್ಟು ಜಾಸ್ತಿ ಇಳೀತು, ಮೇಲೆ ಹೇಳಿದ ಆ ಕಾರ್ಟಿಸಾಲ್ ಸರಪಳಿ ಶುರುವಾಗೋ ಹೈಪೋಥಲಾಮಸ್‌ನಲ್ಲೂ.

ನಂಗೆ ಇಷ್ಟ ಆಗೋದು ಇದ್ರಿಂದ ಕೋನ್ ಆಮೇಲೆ ತೆಗೆದ ಅರ್ಥ. ಕೈ ಹಿಡಿದಾಗ ಮೆದುಳಲ್ಲಿ ಭಯಾನ ಅದುಮೋ ಭಾಗ ಯಾವುದೋ ಒಂದು ಜಾಸ್ತಿ ಕೆಲಸ ಮಾಡತ್ತೆ ಅಂತ ಎಲ್ರೂ ಅಂದ್ಕೊಂಡಿದ್ರು. ಅದು ಕಾಣಿಸ್ಲಿಲ್ಲ. ಮೆದುಳು ಒಟ್ಟಾರೆ ಕಡಿಮೆ ಕೆಲಸ ಮಾಡ್ತಿತ್ತು. ಅಂದ್ರೆ ಕೈ ಹಿಡ್ಕೊಂಡೋರು ಗಾಬರಿ ಮೇಲೆ ಔಷಧಿ ಸುರೀತಿಲ್ಲ, ಗಾಬರಿ ಆಗೋ ಅವಶ್ಯಕತೇನೇ ಕಡಿಮೆ ಮಾಡ್ತಿದಾರೆ. ಇಬ್ರು ಇದೀವಿ, ಏನಾದ್ರೂ ಬಂದ್ರೆ ಹೊರೆ ಹಂಚ್ಕೋಬಹುದು, ಪೂರ್ತಿ ನಾನೇ ರೆಡಿ ಆಗ್ಬೇಕಿಲ್ಲ ಅಂತ ಮೆದುಳು ಬಜೆಟ್ ಹಾಕತ್ತೆ. ಸಂತೆಗೆ ಒಬ್ರೇ ಮೂಟೆ ಹೊತ್ಕೊಂಡು ಹೋಗೋರ ಸೊಂಟಕ್ಕೂ, ಇನ್ನೊಬ್ರು ಒಂದು ತುದಿ ಹಿಡ್ಕೊಂಡೋರ ಸೊಂಟಕ್ಕೂ ವ್ಯತ್ಯಾಸ ಇಲ್ವಾ, ಹಂಗೆ. 2008ರಲ್ಲಿ ಇನ್ನೊಂದು ಮಜಾ ಪ್ರಯೋಗ ಬಂತು, ಗುಡ್ಡದ ಬುಡದಲ್ಲಿ ಜನರನ್ನ ನಿಲ್ಲಿಸಿ ಇದು ಎಷ್ಟು ಕಡಿದಾಗಿದೆ ಅಂತ ಕೇಳಿದ್ರು, ಫ್ರೆಂಡ್ ಜೊತೆ ನಿಂತೋರಿಗೆ ಅದೇ ಗುಡ್ಡ ಕಮ್ಮಿ ಕಡಿದಾಗಿ ಕಾಣಿಸ್ತು, ಸ್ನೇಹ ಹಳೇದಾದಷ್ಟೂ ಇನ್ನೂ ಕಮ್ಮಿ. ಸಾವನದುರ್ಗ ಒಬ್ರೇ ಹತ್ತಿ ಆಮೇಲೆ ಗ್ಯಾಂಗ್ ಜೊತೆ ಹತ್ತಿದೋರಿಗೆ ಇದಕ್ಕೆ ಪ್ರಯೋಗದ ಪ್ರೂಫ್ ಬೇಕಾಗಿಲ್ಲ ಬಿಡಿ.

ಸರಿ, ನಿಮ್ಮ ಅಕ್ಕ "ಏನೂ ಮಾಡಲ್ಲ" ಅಂತ ಬರೆದಿದೀರ. ಮಾಡ್ತಿದಾಳೆ, ಅವಳಿಗೂ ಗೊತ್ತಿಲ್ಲ ನಿಮ್ಗೂ ಗೊತ್ತಿಲ್ಲ ಅಷ್ಟೆ. ಬೆನ್ನು ಸವರ್ತಾಳೆ ಅಂದ್ರಲ್ಲ, ನಮ್ಮ ಚರ್ಮದಲ್ಲಿ, ಅದ್ರಲ್ಲೂ ಕೂದಲಿರೋ ಚರ್ಮದಲ್ಲಿ, ಒಂದು ಜಾತಿ ನರತಂತುಗಳಿವೆ, ಅವಕ್ಕೆ ಚುಚ್ಚಿದ್ದು ಒತ್ತಿದ್ದು ಎಲ್ಲ ಅಷ್ಟು ಬೇಕಾಗಿಲ್ಲ, ನಿಧಾನವಾಗಿ ಸವರೋದು ಬೇಕು. ಸ್ವೀಡನ್ನಿನವ್ರು ಅಳತೆ ಮಾಡಿ ನೋಡಿದ್ರು, ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದಲ್ಲಿ ಸವರಿದ್ರೆ ಈ ತಂತುಗಳು ಚೆನ್ನಾಗಿ ಎದ್ದು ಕೂರ್ತವೆ, ಜನಕ್ಕೂ ಅದೇ ವೇಗ ಹಿತ ಅನ್ಸತ್ತೆ, ತೀರಾ ಬೇಗ ಸವರಿದ್ರೂ ಇಲ್ಲ ತೀರಾ ನಿಧಾನ ಆದ್ರೂ ಇಲ್ಲ. ಬೆಚ್ಚಗಿನ ಕೈ ಆದ್ರೆ ಇನ್ನೂ ಒಳ್ಳೇದು. ಅಜ್ಜಿ ಶನಿವಾರ ತಲೆಗೆ ಹರಳೆಣ್ಣೆ ತಟ್ಟಿ ಬೆನ್ನಿಗೆ ಸವರೋವಾಗ ಇರ್ತಿದ್ದ ಸ್ಪೀಡ್ ಹೆಚ್ಚುಕಮ್ಮಿ ಅದೇ. ಈ ತಂತುಗಳು ಸುದ್ದಿ ಕಳಿಸೋದು ಎಲ್ಲಿ ಏನು ಮುಟ್ಟಿತು ಅಂತ ಲೆಕ್ಕ ಹಾಕೋ ಜಾಗಕ್ಕಿಂತ ಜಾಸ್ತಿ, ಹೆಂಗನ್ಸತ್ತೆ ಅಂತ ನೋಡೋ ಇನ್ಸುಲಾ ಅನ್ನೋ ಮೆದುಳಿನ ಭಾಗದ ಕಡೆಗೆ.

ಆಮೇಲೆ ಉಸಿರು. ಅಕ್ಕ ಪಕ್ಕದಲ್ಲಿ ನಿಧಾನವಾಗಿ ಉಸಿರಾಡ್ತಿದ್ರೆ, ನೀವು ಮಾತು ಕೇಳ್ತಾ ಕೇಳ್ತಾ ನಿಮ್ದೂ ಆ ಲಯಕ್ಕೆ ಬರತ್ತೆ. ಉಸಿರು ಬಿಡೋವಾಗ ವೇಗಸ್ ಬ್ರೇಕ್ ಬಿಗಿಯಾಗತ್ತೆ, ಎಳ್ಕೊಳೋವಾಗ ಸಡಿಲ ಆಗತ್ತೆ, ಕೈನಾಡಿ ಹಿಡ್ಕೊಂಡು ನೋಡಿ ನಿಮ್ಗೇ ಗೊತ್ತಾಗತ್ತೆ. ಮಾತಾಡೋದು ಅಂದ್ರೇನು ಹೇಳಿ, ಉದ್ದಕ್ಕೆ ಉಸಿರು ಬಿಡೋದೇ. ಊರಿನ ಮದುವೆ ಸುದ್ದಿ, ಪಕ್ಕದ ಮನೆ ಎಮ್ಮೆ ಸುದ್ದಿ ಮಾತಾಡ್ತಾ ನೀವು ಹತ್ತು ನಿಮಿಷ ಬ್ರೀಥಿಂಗ್ ಎಕ್ಸರ್‌ಸೈಸ್ ಮಾಡಿರ್ತೀರ, ಆ್ಯಪ್‌ಗೆ ಸಬ್‌ಸ್ಕ್ರಿಪ್ಷನ್ ಕಟ್ಟದೇ. ಆ್ಯಪ್ ಕೆಟ್ಟದ್ದಲ್ಲ, ಅದೂ ಇರಲಿ. ಆದ್ರೆ ಕತ್ತಲೆ ರೂಮಲ್ಲಿ ಒಬ್ರೇ "ಈಗ ನನ್ನ ಹೃದಯ ಇಳೀತಾ ಇಳೀತಾ" ಅಂತ ಚೆಕ್ ಮಾಡ್ತಾ ಉಸಿರಾಡಿದ್ರೆ ಅದು ಸಮಾಧಾನ ಅಲ್ಲ, ಕಾವಲು.

ಇದೆಲ್ಲ ಎಲ್ಲಿಂದ ಕಲಿತ್ವಿ ಅಂದ್ರೆ ಹುಟ್ಟಿದ ದಿನದಿಂದ. ಮಗೂಗೆ ತನ್ನನ್ನ ತಾನು ಶಾಂತ ಮಾಡ್ಕೊಳೋಕೆ ಬರಲ್ಲ, ಅಮ್ಮನ ನರವ್ಯೂಹಾನ ಸಾಲ ತಗೊಂಡು ಶಾಂತ ಆಗತ್ತೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಅನ್ನೋ ಡಾಕ್ಟರು, ಆಸ್ಪತ್ರೇಲಿ ಇನ್‌ಕ್ಯುಬೇಟರ್ ಸಾಲ್ದೇ ಇದ್ದಾಗ, ತಿಂಗಳು ತುಂಬದೇ ಹುಟ್ಟಿದ ಮಕ್ಕಳನ್ನ ಅಮ್ಮನ ಬರೀ ಎದೆಗೆ ಕಟ್ಟಿಸಿದ್ರು, ಕಾಂಗರೂ ಆರೈಕೆ ಅಂತ ಅದಕ್ಕೇ ಹೆಸರು ಬಂತು. ಬಡತನದ ಉಪಾಯ ಅಂತ ಶುರುವಾಗಿದ್ದು. 2021ರಲ್ಲಿ ಭಾರತಾನೂ ಸೇರಿ ಐದು ದೇಶಗಳ ದೊಡ್ಡ ಟ್ರಯಲ್ ರಿಸಲ್ಟ್ ಬಂತು, ಹುಟ್ಟಿದ ಕೂಡಲೇ ಎದೆಗೆ ಹಾಕಿದ ಕಡಿಮೆ ತೂಕದ ಮಕ್ಕಳಲ್ಲಿ ಮೊದಲ 28 ದಿನದ ಸಾವು 12 ಪರ್ಸೆಂಟ್, ಮಾಮೂಲಿ ಪದ್ಧತಿಯಲ್ಲಿ 15.7. ಬೆಚ್ಚಗಿರೋದು, ಎದೆಹಾಲು, ಇನ್‌ಫೆಕ್ಷನ್ ಕಮ್ಮಿ ಆಗೋದು ಎಲ್ಲಾ ಸೇರಿ ಆಗಿದ್ದು ಅದು, ಬರೀ ನರವ್ಯೂಹದ್ದೇ ಮಹಿಮೆ ಅಂತ ನಾನು ಹೇಳಲ್ಲ. ಆದ್ರೆ ಅಮ್ಮನ ಎದೆ ಮೇಲಿರೋ ಮಗೂನ ಉಸಿರು, ನಾಡಿ ಎರಡೂ ಸ್ಥಿರ ಆಗೋದು ಕಣ್ಣಾರೆ ಮಾನಿಟರ್‌ನಲ್ಲಿ ಕಾಣತ್ತೆ.

ಹೆರಿಗೆ ಅಂದ್ಮೇಲೆ ಇನ್ನೊಂದು ನೆನಪಾಯ್ತು. 1980ರಲ್ಲಿ ಗ್ವಾಟೆಮಾಲಾದ ಒಂದು ಅಧ್ಯಯನ ಪ್ರಕಟ ಆಯ್ತು. ಕಿಕ್ಕಿರಿದ ಆಸ್ಪತ್ರೆ, ಮನೆಯವ್ರನ್ನ ಒಳಗೆ ಬಿಡ್ತಿರ್ಲಿಲ್ಲ. ಕೆಲವು ಗರ್ಭಿಣಿಯರ ಜೊತೆ ಒಬ್ಬ ಹೆಂಗಸನ್ನ ಕೂರಿಸಿದ್ರು, ನರ್ಸ್ ಅಲ್ಲ, ನೆಂಟರೂ ಅಲ್ಲ, ಮುಂಚೆ ಮುಖಾನೇ ನೋಡಿರ್ಲಿಲ್ಲ, ಸುಮ್ನೆ ಕೈ ಹಿಡ್ಕೊಂಡು ಬೆನ್ನು ತಿಕ್ಕಿ ಮಾತಾಡ್ತಾ ಇರೋದಷ್ಟೇ ಕೆಲಸ. ಕಾಂಪ್ಲಿಕೇಷನ್ ಇಲ್ಲದ ಹೆರಿಗೆಗಳನ್ನ ಹೋಲಿಸಿದಾಗ, ಅಡ್ಮಿಟ್ ಆದಾಗಿಂದ ಹೆರಿಗೆ ತನಕ ಒಬ್ರೇ ಇದ್ದೋರಿಗೆ ಸರಾಸರಿ 19.3 ಗಂಟೆ, ಜೊತೆಗೆ ಆ ಹೆಂಗಸು ಇದ್ದೋರಿಗೆ 8.8 ಗಂಟೆ. ಚಿಕ್ಕ ಅಧ್ಯಯನ ಅದು, ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಿಲ್ಲ, ಆದ್ರೆ ದಿಕ್ಕು ಅದೇ. ಭಯ ಜಾಸ್ತಿ ಆದ್ರೆ ಅಡ್ರಿನಲಿನ್ ಜಾಸ್ತಿ, ಅದು ಗರ್ಭಕೋಶದ ಸಂಕೋಚನಕ್ಕೆ ಅಡ್ಡ ಬರತ್ತೆ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಕರ್ಕೊಂಡು ಹೋಗೋದು ಯಾಕೆ ಅಂತ ನಮ್ಮಜ್ಜೀನ ಕೇಳಿದ್ರೆ ಅಡ್ರಿನಲಿನ್ ಅಂತಿರ್ಲಿಲ್ಲ, "ಅಲ್ಲಿ ಅವಳಿಗೆ ಜೀವಕ್ಕೆ ಧೈರ್ಯ ಕಣೋ" ಅಂತಿದ್ಲು. ಸರ್ಕಾರಿ ಆಸ್ಪತ್ರೆಗಳಲ್ಲೂ 2017ರ ಲಕ್ಷ್ಯ ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಗೆ ಒಬ್ರನ್ನ ಜೊತೆಗೆ ಬಿಡ್ಬೇಕು ಅಂತ ಸೇರಿಸಿದಾರೆ. ಎಲ್ಲಾ ಕಡೆ ಬಿಡ್ತಾರಾ ಅನ್ನೋದು ಬೇರೆ ಕಥೆ.

ಈಗ ನಿಮ್ಮ ವಾಟ್ಸಾಪ್ ವಿಷ್ಯ. ಅಮ್ಮಂಗೆ ದಿನಾ ಮೆಸೇಜ್ ಮಾಡಿದ್ರೂ ಏನೂ ಅನ್ಸಲ್ಲ ಅಂದ್ರಲ್ಲ, ಇದಕ್ಕೆ ತೀರಾ ನೇರವಾದ ಉತ್ತರ ಇದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲೆಸ್ಲಿ ಸೆಲ್ಟ್ಸರ್ ಅನ್ನೋರು 7ರಿಂದ 12 ವರ್ಷದ ಹುಡುಗೀರನ್ನ ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿ, ಲೆಕ್ಕ ಬಿಡಿಸೋಕೆ ಹೇಳಿದ್ರು, ಪಾಪ ಎಲ್ಲಾ ಮಕ್ಕಳಿಗೂ ಕಾರ್ಟಿಸಾಲ್ ಏರಿತು. ಆಮೇಲೆ ಕೆಲವರಿಗೆ ಅಮ್ಮ ಬಂದು ತಬ್ಕೊಂಡ್ಲು, ಕೆಲವರಿಗೆ ಅಮ್ಮನ ಫೋನ್ ಕಾಲ್, ಇನ್ನು ಕೆಲವರಿಗೆ ಅಮ್ಮ ಇಲ್ಲ, ಸಿನಿಮಾ. 2010ರಲ್ಲಿ ಬಂದ ಫಲಿತಾಂಶ ಏನಂದ್ರೆ ಅಮ್ಮ ತಬ್ಕೊಂಡ ಮಕ್ಕಳಿಗೂ ಬರೀ ಅಮ್ಮನ ದನಿ ಕೇಳಿದ ಮಕ್ಕಳಿಗೂ ಹೆಚ್ಚುಕಮ್ಮಿ ಒಂದೇ ಥರ ಕಾರ್ಟಿಸಾಲ್ ಬೇಗ ಇಳೀತು, ಹತ್ತಿರದೋರ ಜೊತೆ ಇದ್ದಾಗ ಬರೋ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಏರಿತು. ಎರಡು ವರ್ಷ ಆದ್ಮೇಲೆ ಇದಕ್ಕೆ ಇನ್ನೊಂದು ಗುಂಪು ಸೇರಿಸಿದ್ರು, ಅಮ್ಮನ ಜೊತೆ ಚಾಟ್ ಮೆಸೇಜ್. ಅವ್ರ ಕಾರ್ಟಿಸಾಲ್ ಅಮ್ಮ ಇಲ್ಲದೇ ಇದ್ದ ಮಕ್ಕಳಷ್ಟೇ ಮೇಲಿತ್ತು, ಆಕ್ಸಿಟೋಸಿನ್ನೂ ಬರಲಿಲ್ಲ. ಅದೇ ಅಮ್ಮ, ಸಮಾಧಾನದ ಮಾತೇ, ದನಿ ಒಂದಿಲ್ಲ ಅಷ್ಟೆ.

ಮಕ್ಕಳ ಮೇಲಿನ ಪ್ರಯೋಗ, ನಿಮ್ಗೆ 33, ಅದು ನಿಜ. ಆದ್ರೂ "ಊಟ ಆಯ್ತಾ" "ಆಯ್ತಮ್ಮ" ಅಂತ ಟೈಪ್ ಮಾಡೋದಕ್ಕೂ, ಅಮ್ಮನ ಬಾಯಲ್ಲಿ "ಊಟ ಆಯ್ತೇನೇ" ಅಂತ ಎಳೆದು ಕೇಳೋದಕ್ಕೂ ಇರೋ ವ್ಯತ್ಯಾಸ ನಿಮ್ಗೆ ಗೊತ್ತು. ಆ ಎಳೆತದಲ್ಲಿ ಅವಳು ಸುಸ್ತಾಗಿದಾಳಾ, ಖುಷಿಯಾಗಿದಾಳಾ, ನಿಮ್ಮ ಮೇಲೆ ಸಿಟ್ಟಿದೆಯಾ ಎಲ್ಲಾ ಇದೆ, ನಿಮ್ಮ ಕಿವಿ ಮಾತಿಗಿಂತ ಮುಂಚೆ ಅದನ್ನ ಹಿಡಿಯತ್ತೆ. ದಿನಕ್ಕೆ ಇಪ್ಪತ್ತು ಮೆಸೇಜ್ ಬಿಟ್ಟು ರಾತ್ರಿ ಒಂಬತ್ತೂವರೆಗೆ ಎಂಟು ನಿಮಿಷದ ಕಾಲ್ ಮಾಡಿ. ನಿಮ್ಮ ಎದೆ ಬಡಿತದ ಬಗ್ಗೆ ಹೇಳ್ಲೇಬೇಕು ಅಂತಿಲ್ಲ, ಸಾರು ಏನ್ ಮಾಡಿದ್ರಿ ಅಂತ ಕೇಳಿ ಸಾಕು. ಪಿಜಿಗಳಲ್ಲಿರೋ ಹುಡುಗ ಹುಡುಗೀರಿಗೆ ನಾನು ಇದೊಂದನ್ನ ಮಾತ್ರ ಹಠ ಹಿಡಿದು ಹೇಳೋದು.

ಆಕ್ಸಿಟೋಸಿನ್ ಅಂತ ಬರೆದೆ ಅಂತ ಈಗ ರೀಲ್ಸ್‌ಗೆ ಹೋಗಿ ಹುಡುಕ್ಬೇಡಿ. ಪ್ರೀತಿಯ ಹಾರ್ಮೋನ್, ಇಪ್ಪತ್ತು ಸೆಕೆಂಡ್ ತಬ್ಕೊಂಡ್ರೆ ಉಕ್ಕತ್ತೆ, ವೇಗಸ್‌ಗೆ ಐಸ್ ಇಡಿ, ಹಿಂಗೆಲ್ಲ ಹೇಳೋರು ತುಂಬಾ ಆಗಿದಾರೆ. ವೇಗಸ್ ನರದ ಮೇಲೆ ಕಟ್ಟಿರೋ ಪಾಲಿವೇಗಲ್ ಥಿಯರಿ ಅಂತ ಒಂದು ಇದೆ, ಅಮೆರಿಕದ ವಿಜ್ಞಾನಿ ಸ್ಟೀಫನ್ ಪೋರ್ಜಸ್ ಅವ್ರದ್ದು, ಥೆರಪಿಸ್ಟ್‌ಗಳಿಗೆ ತುಂಬಾ ಇಷ್ಟ, ಆದ್ರೆ ಅದ್ರಲ್ಲಿ ನರಗಳ ವಿಕಾಸದ ಬಗ್ಗೆ ಹೇಳಿರೋದನ್ನ ಶರೀರಶಾಸ್ತ್ರದವ್ರು ಬಹಳ ಜನ ಒಪ್ಪಲ್ಲ. ನಿಮ್ಮ ಪ್ರಶ್ನೆಗೆ ಅದು ಬೇಕಾಗೂ ಇಲ್ಲ.

ಈಗ ಕಹಿ ಭಾಗ. ಜನ ಇದ್ರೆ ಸಾಕು ಸಮಾಧಾನ ಅಂತ ನಾನು ಹೇಳ್ತಿಲ್ಲ, ಹಂಗಿದ್ದಿದ್ರೆ ಹನ್ನೆರಡು ಜನರ ಕೂಡು ಕುಟುಂಬದಲ್ಲಿ ಯಾರಿಗೂ ಬಿಪಿ ಬರ್ತಿರ್ಲಿಲ್ಲ. ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ 42 ಜೋಡಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು, ಮುಂಗೈ ಮೇಲೆ ಸಣ್ಣ ಗುಳ್ಳೆ ಗಾಯ ಮಾಡಿ ಅದು ಮಾಯೋದಕ್ಕೆ ಎಷ್ಟು ದಿನ ಬೇಕು ಅಂತ ನೋಡೋದು. 2005ರಲ್ಲಿ ಪ್ರಕಟ ಆಗಿದ್ದು. ಒಬ್ರಿಗೊಬ್ರು ಚುಚ್ಚಿ ಮಾತಾಡೋ ಜೋಡಿಗಳಲ್ಲಿ ಗಾಯ ಮಾಯೋ ವೇಗ ಚೆನ್ನಾಗಿರೋ ಜೋಡಿಗಳ 60 ಪರ್ಸೆಂಟ್ ಮಾತ್ರ. ಗಾಯದ ಮೇಲೆ ಬರೆ ಅಂತ ನಾವು ಸುಮ್ನೆ ಹೇಳ್ತಿರ್ಲಿಲ್ಲ. ಇನ್ನೂ ಒಂದಿದೆ, ಜೂಲಿಯನ್ ಹೋಲ್ಟ್-ಲುನ್‌ಸ್ಟಾಡ್ ಜನರ ತೋಳಿಗೆ ಬಿಪಿ ಮೆಷಿನ್ ಕಟ್ಟಿ ಕಳಿಸಿ ಯಾರ ಜೊತೆ ಮಾತಾಡೋವಾಗ ಎಷ್ಟಿರತ್ತೆ ಅಂತ ಬರೆಸಿದ್ರು. ಪ್ರೀತಿ ಇರೋರ ಜೊತೆ ಕಡಿಮೆ, ಸರಿ. ಜಾಸ್ತಿ ಯಾರ ಜೊತೆ? ಆಗದವ್ರ ಜೊತೆ ಅಂದ್ಕೋತೀರ. ಅಲ್ಲ, ಒಂದು ದಿನ ಚಿನ್ನ ರನ್ನ, ಇನ್ನೊಂದು ದಿನ ಕುಟುಕು, ಹಿಂಗಿರೋರ ಜೊತೆ. ಆಗದವ್ರು ಬಂದ್ರೆ ಏನು ಬರತ್ತೆ ಅಂತ ಗೊತ್ತಿರತ್ತೆ, ಇಂಥವ್ರು ಬಂದ್ರೆ ಮೆದುಳು ಕಾವಲು ಬಿಡೋ ಹಂಗೇ ಇಲ್ಲ. ನಿಮ್ಮ ಬಂಧುಬಳಗದಲ್ಲಿ ಯಾರು ಯಾರು ಈ ಲಿಸ್ಟಿಗೆ ಬರ್ತಾರೆ ಅಂತ ನಾನು ಹೇಳ್ಬೇಕಾಗಿಲ್ಲ, ನೀವು ಈಗಾಗ್ಲೇ ಎರಡು ಹೆಸರು ಅಂದ್ಕೊಂಡಿರ್ತೀರ.

ಅಕ್ಕ ಯಾಕೆ ಕೆಲಸ ಮಾಡ್ತಾಳೆ ಅಂದ್ರೆ ಅವಳ ಹತ್ರ ನೀವು ಪರೀಕ್ಷೆ ಬರೀತಿಲ್ಲ. ಬಂದ್ಲು, ಕೂತ್ಲು, ಏನಾಯ್ತು ಯಾಕಾಯ್ತು ಅಂತ ವಿಚಾರಣೆ ಇಲ್ಲ.

ನಿಮ್ಮ ಗಂಡನ ವಿಷ್ಯಕ್ಕೆ ಬರೋ ಮುಂಚೆ ಡಿಪೆಂಡ್ ಆಗೋ ವಿಷ್ಯ ಮುಗಿಸ್ತೀನಿ, ಯಾಕಂದ್ರೆ ನಿಮ್ಮ ಫ್ರೆಂಡ್ ಮಾತಲ್ಲಿ ಒಂದು ಕಾಳು ಸತ್ಯ ಇದೆ. ಪ್ಯಾನಿಕ್ ತೊಂದರೆ ಇರೋರಿಗೆ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗಾಳಿ ಉಸಿರಾಡೋಕೆ ಕೊಟ್ರೆ ಗಾಬರಿ ಬರತ್ತೆ, 1995ರಲ್ಲಿ ಹಿಂಗೆ ಮಾಡಿ ನೋಡಿದಾಗ ನಂಬಿಕೆಯ ಒಬ್ರು ಅದೇ ರೂಮಲ್ಲಿ ಇದ್ದೋರಿಗೆ ಗಾಬರಿ ಕಡಿಮೆ ಬಂತು. ಗಾಳಿ ಅದೇ, ಒಳಗಿನ ಕೆಮಿಸ್ಟ್ರಿ ಅದೇ. ಇದು ಒಳ್ಳೇ ಸುದ್ದಿ. ಆದ್ರೆ ಇದೇ ಹಾದೀಲಿ ಮುಂದೆ ಹೋಗಿ, ಅಕ್ಕ ಇಲ್ಲದೇ ಮೆಟ್ರೋ ಹತ್ತಲ್ಲ, ಅಕ್ಕ ಊರಿಗೆ ಹೋದ್ರೆ ನಾನು ರಜ ಹಾಕ್ತೀನಿ, ಅಕ್ಕ ಫೋನ್ ಎತ್ತದಿದ್ರೆ ಅದಕ್ಕೇ ಅಟ್ಯಾಕ್, ಹಿಂಗಾದ್ರೆ ಆಗ ಅಕ್ಕ ಸಮಾಧಾನ ಅಲ್ಲ, ಊರುಗೋಲು. ಮೂಳೆ ಕೂಡಿದ ಮೇಲೂ ಊರುಗೋಲು ಬಿಡದೇ ಇದ್ರೆ ಕಾಲು ಸೊರಗತ್ತೆ. ನಾನು ನೋಡೋ ಗುರುತು ಒಂದೇ, ಅವಳ ಜೊತೆ ಕೂತು ಎದ್ದ ಮೇಲೆ ನಿಮ್ಮ ಪ್ರಪಂಚ ದೊಡ್ಡದಾಗ್ತಿದೆಯಾ ಚಿಕ್ಕದಾಗ್ತಿದೆಯಾ. ನೀವು ಬರೆದಿರೋ ಪ್ರಕಾರ ಆಫೀಸಿಗೆ ಹೋಗ್ತಿದೀರ, ಕೆಲಸ ನಡೀತಿದೆ, ಹಾಗಾಗಿ ನಂಗೆ ಚಿಂತೆ ಇಲ್ಲ. ಅಕ್ಕನಿಂದ ಎದ್ದು ಬರೋವಾಗ ಸ್ವಲ್ಪ ಸ್ವಲ್ಪ ಜೊತೆಗೆ ತಗೊಂಡೂ ಬರ್ತೀವಿ, ಮುಂದಿನ ಸಲ ಒಬ್ರೇ ಇದ್ದಾಗ "ಏನಾಗಲ್ಲ ಬಿಡೇ" ಅನ್ನೋ ಅವಳ ದನೀನೇ ಒಳಗೆ ಕೇಳ್ಸತ್ತೆ. ತನ್ನನ್ನ ತಾನೇ ಸಮಾಧಾನ ಮಾಡ್ಕೊಳೋದು ಅಂತ ನಿಮ್ಮ ಫ್ರೆಂಡ್ ಹೇಳೋದು ಕಟ್ಟಾಗೋದೇ ಹಿಂಗೆ. ಎಂಟು ತಿಂಗಳಾಗಿದೆ, ಟೆಸ್ಟ್ ನಾರ್ಮಲ್ ಬಂದು ಇನ್ನೂ ವಾರಕ್ಕೆ ಎರಡು ಮೂರು ಸಲ ಬರ್ತಿದ್ರೆ ಸೈಕಾಲಜಿಸ್ಟ್ ಹತ್ರ ಸಿಬಿಟಿಗೆ (ಯೋಚನೆ, ನಡವಳಿಕೆ ಬದಲಾಯ್ಸೋ ಮಾತಿನ ಥೆರಪಿ) ಹೋಗಿ, ಪ್ಯಾನಿಕ್‌ಗೆ ಅದು ಚೆನ್ನಾಗಿ ಕೆಲಸ ಮಾಡತ್ತೆ. ರಾತ್ರಿ ಹೊತ್ತು ತೀರಾ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಫ್ರೀ, 24 ಗಂಟೆ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು, ಅಲ್ಲೂ ಒಂದು ದನಿ ಸಿಗತ್ತೆ.

ಅಂಥ ಅಕ್ಕನೇ ಇಲ್ಲದೋರು ಏನು ಮಾಡ್ಬೇಕು ಅಂತ ಇದನ್ನ ಓದೋ ಬೇರೆಯವ್ರು ಕೇಳ್ಬಹುದು. ಗ್ವಾಟೆಮಾಲಾದ ಆ ಹೆಂಗಸು ಯಾರಿಗೂ ಅಕ್ಕ ಆಗಿರ್ಲಿಲ್ಲ. ಪಾರ್ಕಲ್ಲಿ ದಿನಾ ಸಿಗೋ ಮುಖ, ಹೂ ಮಾರೋ ಅಜ್ಜಿ ಹತ್ರ ಎರಡು ಮಾತು, ಭಜನೆ ಗುಂಪು, ಇವೂ ಲೆಕ್ಕಕ್ಕೆ ಬರ್ತವೆ. ಒಬ್ರೇ ಎಲ್ಲಾ ಆಗ್ಬೇಕು ಅಂತಿಲ್ಲ.

ಇನ್ನು ನಿಮ್ಮ ಯಜಮಾನ್ರು. ಬಾಯಿ ತೆಗೆದ್ರೆ ಜಾಸ್ತಿ ಆಗತ್ತೆ ಅಂತ ಬರೆದಿದೀರ, ಏನಂತಾರೆ ಅಂತ ಬರೆದಿಲ್ಲ, ಆದ್ರೆ ನಾನು ಊಹೆ ಮಾಡ್ತೀನಿ. "ಯಾಕೆ ಟೆನ್ಷನ್ ತಗೋತೀಯಾ", "ನಾಳೆ ಮ್ಯಾನೇಜರ್ ಹತ್ರ ಮಾತಾಡು", "ಎಷ್ಟು ಸಲ ಹೇಳಿದೀನಿ ಫೋನ್ ನೋಡ್ಬೇಡ ಅಂತ". ಮೂರೂ ಕಾಳಜೀನೇ, ಆದ್ರೆ ಮೆದುಳಿಗೆ ಅದು ಇನ್ನೊಂದು ಕೆಲಸ, ಈಗ ಗಾಬರೀನೂ ನಿಭಾಯ್ಸು, ಇವ್ರಿಗೆ ಉತ್ತರಾನೂ ಕೊಡು, ಇವ್ರಿಗೆ ಬೇಜಾರಾಗ್ದಂಗೂ ನೋಡ್ಕೋ. ನ್ಯೂಯಾರ್ಕ್‌ನಲ್ಲಿ ವಕೀಲಿಕೆ ಪರೀಕ್ಷೆಗೆ ಓದ್ತಿದ್ದೋರನ್ನೂ ಅವ್ರ ಜೊತೆಗಾರರನ್ನೂ ಇಟ್ಕೊಂಡು ನಾಯಲ್ ಬೋಲ್ಗರ್ ಒಂದು ಅಧ್ಯಯನ ಮಾಡಿದ್ರು, 2000ರಲ್ಲಿ ಬಂದಿದ್ದು. ಇಬ್ರೂ ಬೇರೆ ಬೇರೆ ಡೈರಿ ಬರೀಬೇಕು, ಇವತ್ತು ಸಪೋರ್ಟ್ ಕೊಟ್ಟೆ, ಇವತ್ತು ಸಪೋರ್ಟ್ ಸಿಕ್ತು ಅಂತ. ಹೆಚ್ಚು ಉಪಯೋಗ ಆಗಿದ್ದು ಯಾವುದು ಗೊತ್ತಾ, ಕೊಟ್ಟೋರು ಕೊಟ್ಟೆ ಅಂತ ಬರೆದು, ತಗೊಂಡೋರು ಗಮನಿಸದೇ ಇದ್ದಿದ್ದು. ಸದ್ದಿಲ್ಲದೇ ಪಾತ್ರೆ ತೊಳೆದಿಟ್ಟಿದ್ದು, ಫೋನ್ ಚಾರ್ಜಿಗೆ ಹಾಕಿದ್ದು ಇಂಥದ್ದು ಅಂತ ಇಟ್ಕೊಳ್ಳಿ. ನೋಡು ನಿಂಗೆ ಹೆಲ್ಪ್ ಮಾಡ್ತಿದೀನಿ ಅಂತ ಕಾಣೋ ಸಪೋರ್ಟ್‌ನಿಂದ ಮನಸ್ಸು ಇನ್ನೂ ಕುಗ್ಗಿದ್ದೂ ಇತ್ತು.

ಅವ್ರಿಗೆ ಕಲಿಸೋದು ಕಷ್ಟ ಅಲ್ಲ, ಅವ್ರಿಗೆ ಆಗ್ಲೇ ಗೊತ್ತು. ಸಾವಿನ ಮನೆಗೆ ಹೋದ್ರೆ ಏನು ಮಾಡ್ತಾರೆ ಅಂತ ಕೇಳಿ ಅವ್ರನ್ನ. ಅಲ್ಲಿ ಯಾರೂ ಸಲ್ಯೂಷನ್ ಕೊಡಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆಗೆ ಒರಗಿ ಕೂತ್ಕೋತಾರೆ, ಒಲೆ ಹಚ್ಚಿರಲ್ಲ ಅಂತ ಪಕ್ಕದ ಮನೆಯವ್ರು ಅನ್ನ ಸಾರು ತಂದಿಡ್ತಾರೆ, ಅರ್ಧ ಗಂಟೆ ಮಾತಿಲ್ಲದೇ ಕೂತು ಎದ್ದು ಬರ್ತಾರೆ, ಆ ಮನೆಯವ್ರಿಗೆ ಆ ಅರ್ಧ ಗಂಟೆ ವರ್ಷಗಟ್ಟಲೆ ನೆನಪಿರತ್ತೆ. ಅದನ್ನೇ ರಾತ್ರಿ ಹನ್ನೊಂದಕ್ಕೆ ಮಂಚದ ಮೇಲೆ ಮಾಡಿ ಅಂತ ಹೇಳಿ.

ಹೇಳೋದು ಗಾಬರಿ ಬಂದಾಗ ಅಲ್ಲ, ಭಾನುವಾರ ಬೆಳಿಗ್ಗೆ ದೋಸೆ ತಿಂದು ಇಬ್ರೂ ಆರಾಮಾಗಿರೋವಾಗ. "ನಂಗೆ ಹಂಗಾದಾಗ ನೀವು ಏನೂ ಸರಿ ಮಾಡ್ಬೇಡಿ, ಬೆನ್ನ ಮೇಲೆ ಕೈ ಇಡಿ, ನಿಧಾನವಾಗಿ ಸವರಿ, ನಿಮ್ಮ ಆಫೀಸಲ್ಲಿ ಇವತ್ತು ಏನಾಯ್ತು ಅಂತ ಹೇಳ್ತಾ ಇರಿ, ನಾನು ಹೂಂ ಅನ್ನದೇ ಇದ್ರೂ ನಿಲ್ಲಿಸ್ಬೇಡಿ." ಇಷ್ಟೇ ವಾಕ್ಯ ಸಾಕು. ಮೊದಲ ಎರಡು ಸಲ ಅವ್ರಿಗೆ ಕೈ ಕಟ್ಟಿ ಹಾಕಿದಂಗೆ ಆಗತ್ತೆ, ಮಧ್ಯದಲ್ಲಿ "ನೀರು ತರ್ಲಾ" ಅಂತಾರೆ. ತರಲಿ ಬಿಡಿ.